ರೆಕ್ಕೆ ಬಂದ ಎತ್ತು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬುತ್ತಿರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಬೇರೆ ಮನೆಗಳಲ್ಲಿ ಸಂಜೆಯ ಭಜನೆ ಇರುವಂತೆ ನಮ್ಮಲ್ಲಿ ಅನುಮಾನ ಇತ್ತು, ಅಷ್ಟೆ. ಅಜ್ಜಿ ಹಾಲಿನ ಚೊಂಬನ್ನು ಮೂಸಿ, ಬೆರಳ ತುದಿಗೆ ಒಂದು ಹನಿ ಬಿಟ್ಟುಕೊಂಡು, ನೀರು ಬೆರೆತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಒಲೆಗಿಡಲು ಕೊಡುತ್ತಿದ್ದಳು. ಹಸು ನಮ್ಮದೇ, ಹಾಲು ಕರೆದವಳೂ ಅವಳೇ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಹೊಲದಿಂದ ಬಂದವನು ಮೊದಲು ಕೊಟ್ಟಿಗೆಯ ಚಿಲಕ ಎಳೆದು ನೋಡುತ್ತಿದ್ದ, ಆಮೇಲೆ ಕಾಲು ತೊಳೆಯುತ್ತಿದ್ದ. ಅಪ್ಪನಿಗೆ ಮಾತು ಕಡಿಮೆ, ಅವನ ಅನುಮಾನವೆಲ್ಲ ಕಣ್ಣಲ್ಲಿತ್ತು. ಮುದ್ದೆ ಮುರಿಯುವ ಮೊದಲು ಎಲ್ಲರ ತಟ್ಟೆಯ ಮೇಲೂ ಒಂದು ಸುತ್ತು ಕಣ್ಣಾಡಿಸುತ್ತಿದ್ದ. ಈ ವಿದ್ಯೆ ಕಲಿಯದೆ ಉಳಿದವಳು ಅವ್ವ ಒಬ್ಬಳೇ. ಅದಕ್ಕೇ ಇರಬೇಕು, ಎಲ್ಲರ ಅನುಮಾನವೂ ಕೊನೆಗೆ ಹೋಗಿ ಅವಳ ಮೇಲೆ ಕೂರುತ್ತಿತ್ತು. ನಾನು ಈಗ ಹುಣಸೂರಿನ ಕೋರ್ಟಿನಲ್ಲಿ ವಕೀಲೆ. ಸಾಕ್ಷಿ ಮಾತಾಡುವಾಗ ನನ್ನ ಮೂಗು ಸಣ್ಣಗೆ ಅರಳುತ್ತದೆ ಎಂದು ಜೊತೆಯವರು ನಗುತ್ತಾರೆ. ಅದು ಎಲ್ಲಿಂದ ಬಂತೆಂದು ಅವರಿಗೆ ಹೇಳಿಲ್ಲ.

ನಮ್ಮ ಊರು ಕಂಪಲಾಪುರದಿಂದ ಒಳಕ್ಕೆ. ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಕಿಟಕಿಯಿಲ್ಲದ ಎತ್ತರದ ಇಟ್ಟಿಗೆ ಕಟ್ಟಡ, ಹೊರಗಿನಿಂದ ಬೆಂಕಿ ಹಾಕಲು ಒಂದು ಒಲೆಯ ಬಾಯಿ, ಒಳಗೆ ಸೊಪ್ಪಿನ ಕೋಲು ತೂಗುಹಾಕಲು ಸಾಲುಸಾಲು ಗಳುಗಳು. ಸೊಪ್ಪಿನ ಕಾಲ ಮುಗಿದರೆ ಮುಂದಿನ ಮಳೆಗಾಲದ ತನಕ ಅದು ಖಾಲಿ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ರಸ್ತೆಯಾಚೆಯ ದಿಣ್ಣೆಯ ಮೇಲೆ ಕ್ರೈಸ್ತರ ಹಳೇ ಹೆಂಚಿನ ಗುಡಿ ಇದ್ದ ಜಾಗದಲ್ಲಿ ದೊಡ್ಡ ಚರ್ಚು ಏಳುತ್ತಿತ್ತು. ಮುಂದೆ ಬಿಷಪ್ಪರ ಪೀಠ ಇಲ್ಲಿಗೇ ಬರುತ್ತದೆ, ಇದೇ ಪ್ರಧಾನಾಲಯ ಆಗುತ್ತದೆ ಎಂಬ ಆಸೆಯಲ್ಲಿ ಅದನ್ನು ಊರಿನ ಅಳತೆ ಮೀರಿ ಕಟ್ಟುತ್ತಿದ್ದರು. ಅಪ್ಪ ತನ್ನ ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ ಮರಳು ಜಲ್ಲಿ ಹೊಡೆಯುತ್ತಿದ್ದ. ಶಿಲ್ಪದ ಕೆಲಸಕ್ಕೆ ಎತ್ತರದ, ಮಳೆ ಬೀಳದ ಜಾಗ ಬೇಕೆಂದು ಅಲ್ಲಿನ ಪಾದ್ರಿ ಗುರುಗಳು ಕೇಳಿದಾಗ ಅಪ್ಪ ಬ್ಯಾರನ್ ಕೊಡುತ್ತೇನೆಂದು ಒಪ್ಪಿಬಿಟ್ಟ. ಮನೆಯಲ್ಲಿ ಹೇಳಿದ್ದು ಆ ಮೇಲೆ, ಉಣ್ಣಲು ಕೂತಾಗ.

"ಯಾರ್ನ ಕೇಳಿ ಒಪ್ಕಂಡೆ?" ಎಂದ ದೊಡ್ಡಪ್ಪ.

"ಖಾಲಿ ಬಿದ್ದಿತ್ತು ಕಣಣ್ಣ."

"ಖಾಲಿ ಜಾಗಕ್ಕೇ ಕಣ್ಲಾ ದೆವ್ವ ಸೇರ್ಕಳದು."

"ದೆವ್ವ ಅಲ್ಲ, ಯಾರೋ ಬೊಂಬೆ ಮಾಡೋರಂತೆ."

"ಯಾವ ಬೊಂಬೆ ಅಂತ ಕೇಳ್ದಾ?"

ಅಪ್ಪ ಕೇಳಿರಲಿಲ್ಲ. ದೊಡ್ಡಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದುಹೋದ. ಅವ್ವ ಹುರುಳಿ ಸಾರಿನ ಸೌಟು ಹಿಡಿದು ನಿಂತೇ ಇದ್ದಳು, ಯಾರ ತಟ್ಟೆಗೆ ಹಾಕುವುದೆಂದು ತಿಳಿಯದೆ.

ಆ ಚರ್ಚಿನ ಆಕಾರವೇ ಊರಿನ ನಿದ್ದೆಗೆಡಿಸಿತ್ತು. ನಾವು ಕಂಡ ಚರ್ಚುಗಳಿಗೆ ಚೂಪು ಗೋಪುರ, ಬಿಳಿ ಸುಣ್ಣ, ಕಮಾನು ಇರುತ್ತಿದ್ದವು. ಇದಕ್ಕೆ ಗೋಡೆ ಎಲ್ಲಿ ಮುಗಿಯುತ್ತದೆ, ಸೂರು ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಬಟ್ಟೆ ಮಡಚಿದಂಥ ಕಾಂಕ್ರೀಟಿನ ನಾಲ್ಕು ದೊಡ್ಡ ಮಡಿಕೆಗಳು ನೆಲದಿಂದಲೇ ಎದ್ದು, ಬಾಗಿ, ಮೇಲೆ ಒಂದನ್ನೊಂದು ಮುಟ್ಟದೆ ನಿಂತಿದ್ದವು. ನಡುವೆ ಬಿಟ್ಟ ಸಂದಿಗೆ ಗಾಜು. ಒಳಗೆ ಒಂದೂ ಕಂಬವಿಲ್ಲ. ಗಂಟೆ ಕಟ್ಟುವ ಕಂಬ ಮಾತ್ರ ಮುನಿಸಿಕೊಂಡವನ ಹಾಗೆ ಆಚೆ, ಒಂಟಿಯಾಗಿ. ಅದಕ್ಕಿಂತ ಹೆಚ್ಚಾಗಿ, ಅವರು ಗಾರೆಯನ್ನೇ ಮಾಡಲಿಲ್ಲ. ಕಾಂಕ್ರೀಟು ಹಾಕುವಾಗ ಬಳಸಿದ ಹಲಗೆಗಳ ಗೆರೆ, ಮರದ ಗಂಟಿನ ಗುರುತು, ಎಲ್ಲವೂ ಹಾಗೆಯೇ ಉಳಿದವು. ಬೈಲಕುಪ್ಪೆಯ ಟಿಬೆಟ್ಟಿನವರ ಗುಡಿಯ ಚಿನ್ನದ ಬಣ್ಣ ನೋಡಿ ಬಂದ ಕಣ್ಣಿಗೆ ಇದು ಅರ್ಧಕ್ಕೆ ಬಿಟ್ಟ ಅಣೆಕಟ್ಟಿನ ಹಾಗೆ ಕಾಣುತ್ತಿತ್ತು. ಗಾರೆಯ ದುಡ್ಡನ್ನು ಯಾರೋ ನುಂಗಿದ್ದಾರೆ ಎಂದು ದೊಡ್ಡಪ್ಪ ತೀರ್ಪು ಕೊಟ್ಟ. ಮೊದಲು ಗೋಡೌನು ಅಂತ ಕಟ್ಟಿ ಆಮೇಲೆ ಶಿಲುಬೆ ಏರಿಸುತ್ತಾರೆ ಎಂದರು ಅರಳಿಕಟ್ಟೆಯವರು. ದೇವರಿಗಾಗಿ ಕಟ್ಟಿದ್ದು ಚೆಂದ ಕಾಣಬಾರದು ಎಂದು ಯಾರಾದರೂ ಬೇಕೆಂದೇ ಮಾಡಿರಬಹುದು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಬೊಂಬೆ ಮಾಡುವವರು ಬಂದಾಗ ಊರಿಗೆ ಇನ್ನೊಂದು ಪೆಟ್ಟು. ಲಾರಿಯಿಂದ ಇಳಿದವಳು ಒಬ್ಬ ಹೆಂಗಸು. ಕೇರಳದವಳು, ಹೆಸರು ತ್ರೇಸ್ಯಾ, ವಯಸ್ಸು ಅವ್ವನಿಗಿಂತ ಹತ್ತಾರು ವರ್ಷ ಹೆಚ್ಚು. ಪ್ಯಾಂಟು, ದೊಗಳೆ ಅಂಗಿ, ಕತ್ತರಿಸಿದ ಕೂದಲು, ಗಂಡನಿಲ್ಲ. ಕಬ್ಬಿಣದ ಸರಳು, ತಾಮ್ರದ ತಗಡು, ವೆಲ್ಡಿಂಗ್ ಯಂತ್ರ ಎಲ್ಲವನ್ನೂ ತಾನೇ ನಿಂತು ಬ್ಯಾರನ್ನಿಗೆ ಸಾಗಿಸಿದಳು. ರಾತ್ರಿ ಕ್ರೈಸ್ತರ ಕೇರಿಯಲ್ಲಿ ಉಳಿಯುವುದು, ಹಗಲೆಲ್ಲ ನಮ್ಮಲ್ಲಿ ಕೆಲಸ. ಕೆಲಸ ಮಾಡುವಾಗ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದಳು. ಆ ಬೆಳಕನ್ನು ಮಕ್ಕಳು ನೋಡಿದರೆ ಕಣ್ಣಿಗೆ ಕೆಡುಕು ಎಂದು ಕಾರಣ ಹೇಳಿದ್ದಳು. ನಮ್ಮ ಮನೆಯಲ್ಲಿ ಯಾರಾದರೂ ಕಾರಣ ಹೇಳಿದರೆ ಅನುಮಾನ ಇನ್ನೂ ಹೆಚ್ಚಾಗುತ್ತಿತ್ತು. ಬ್ಯಾರನ್ನಿಗೆ ಕರೆಂಟು ಮನೆಯಿಂದಲೇ. ಅವಳು ವೆಲ್ಡಿಂಗ್ ಶುರು ಮಾಡಿದರೆ ಕತ್ತಲೆಯ ಅಡುಗೆಮನೆಯಲ್ಲಿ ಹಗಲೂ ಉರಿಯುವ ನಮ್ಮ ಬಲ್ಬು ಮಂಕಾಗಿ ನಡುಗುತ್ತಿತ್ತು. "ಅಗೋ, ಅವಳು ಉಸುರು ಎಳ್ಕಂಡ್ಲು," ಎನ್ನುತ್ತಿದ್ದಳು ಅಜ್ಜಿ.

ಹಾಗಂತ ಅಜ್ಜಿ ಅವಳನ್ನು ದೂರ ಇಡಲಿಲ್ಲ. ಶತ್ರುವನ್ನು ಕಣ್ಣೆದುರೇ ಇಟ್ಟುಕೊಳ್ಳಬೇಕು ಎಂಬುದು ಅವಳ ನೀತಿ. ಮಧ್ಯಾಹ್ನ ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಕಾಫಿ ಕೊಟ್ಟು ವಿಚಾರಣೆ ನಡೆಸುತ್ತಿದ್ದಳು.

"ಅದ್ಯಾಕವ್ವ ನಿಮ್ ಗುಡಿ ಮುದುರ್ದ ಬಟ್ಟೆ ಅಂಗೆ ಅದೆ?"

"ಅಮ್ಮಚ್ಚಿ, ಅದು ಡೇರೆ," ಎಂದಳು ತ್ರೇಸ್ಯಾ ತನ್ನ ಮಲಯಾಳ ರಾಗದ ಕನ್ನಡದಲ್ಲಿ. "ಮೊದಲು ದೇವರಿಗೆ ಮನೆ ಇಲ್ಲ. ಜನ ಮರಳಲ್ಲಿ ನಡೀತಾರೆ, ದೇವರೂ ಜೊತೆ ನಡೀತಾರೆ. ನಿಂತ ಕಡೆ ಡೇರೆ. ಅದು ನೆನಪಿರಬೇಕು ಅಂತ ಹೀಗೆ."

"ಡೇರೆ ಆಕೋರು ಕಿತ್ಕಂಡೂ ಓಯ್ತಾರೆ," ಎಂದಳು ಅಜ್ಜಿ. ತ್ರೇಸ್ಯಾ ಕಾಫಿ ಲೋಟದೊಳಗೇ ನಕ್ಕಳು.

ಅವಳಿಗೆ ಊಟ ಒಯ್ಯುವ ಕೆಲಸ ಅವ್ವನದಾಯಿತು. ಮೊದಮೊದಲು ತಟ್ಟೆ ಇಟ್ಟು ಬರುತ್ತಿದ್ದವಳು ಬರುಬರುತ್ತಾ ತಡ ಮಾಡತೊಡಗಿದಳು. ಅವ್ವ ಒಳಗಿದ್ದಾಗಲೂ ಅಗಳಿ ಬೀಳುತ್ತಿತ್ತು. ನಾನು ನೋಡುತ್ತಿದ್ದೆ. ಅವ್ವನ ಸೀರೆಯಂಚಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು. ತಲೆಗೂದಲಲ್ಲಿ ಸುಟ್ಟ ವಾಸನೆ. ಒಂದು ಶುಕ್ರವಾರ ದೇವರ ಮನೆಗೆ ದೀಪ ಹಚ್ಚುವುದನ್ನು ಮರೆತಳು, ಅಜ್ಜಿ ನೆನಪಿಸಬೇಕಾಯಿತು. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ನಿಲ್ಲಿಸಿ, "ನಿಮ್ಮವ್ವನ್ನ ನೀರಲ್ಲಿ ಮುಳುಗ್ಸಾಯ್ತಂತಾ?" ಎಂದು ಕೇಳಿದರು. ಕ್ರೈಸ್ತರಾಗುವವರನ್ನು ಹಾಗೆ ಮುಳುಗಿಸುತ್ತಾರೆಂದು ಊರಲ್ಲಿ ಮಾತಿತ್ತು. ಹೆಂಗಸರು ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಅವತ್ತಿನಿಂದ ಅವ್ವ ಮುಖ ತೊಳೆದು ಬಂದಾಗಲೆಲ್ಲ ಕುಂಕುಮ ಮತ್ತೆ ಇಟ್ಟುಕೊಳ್ಳುತ್ತಾಳೋ ಎಂದು ನಾನು ಬಾಗಿಲ ಸಂದಿಯಿಂದ ಕಾಯುತ್ತಿದ್ದೆ. ಇಟ್ಟುಕೊಳ್ಳುತ್ತಿದ್ದಳು. ಇಟ್ಟುಕೊಂಡಿದ್ದು ನಮಗೆ ತೋರಿಸಲಿಕ್ಕೋ ಎಂದು ಆಗ ಅನುಮಾನವಾಗುತ್ತಿತ್ತು. ಹಾಗೆ ಒಂದು ಸಲ ಶುರುವಾದರೆ ಯಾವ ಸಾಕ್ಷಿಯೂ ಸಾಲುವುದಿಲ್ಲ.

ತಡೆಯಲಾರದೆ ಒಂದು ದಿನ ತ್ರೇಸ್ಯಾ ಹಿತ್ತಲಲ್ಲಿ ತಾಮ್ರದ ತಗಡು ಬಡಿಯುತ್ತಿದ್ದಾಗ ಎದುರು ಹೋಗಿ ನಿಂತೆ. ಅದು ಚರ್ಚಿನ ಬಾಗಿಲಿಗೆ ಹೊದಿಸುವ ತಗಡು. ದ್ರಾಕ್ಷಿ ಬಳ್ಳಿ, ಮೀನು, ಮತ್ತು ಗೋಧಿ ಇರಬೇಕಾದ ಜಾಗದಲ್ಲಿ ಬೆರಳು ಮಡಚಿದ ಹಾಗಿರುವ ರಾಗಿ ತೆನೆ ಮೂಡುತ್ತಿತ್ತು.

"ನಮ್ಮವ್ವನ್ನ ನಿಮ್ಮ ದೇವ್ರಿಗೆ ಸೇರಿಸ್ಕತಾ ಇದ್ದೀರಾ?"

ಅವಳು ಸುತ್ತಿಗೆ ಕೆಳಗಿಟ್ಟಳು. ನಗಲಿಲ್ಲ. "ಇಲ್ಲ. ನೀನು ಕೇಳಿದ್ದು ಒಳ್ಳೇದು. ನಿನ್ನ ಅಮ್ಮನ್ನ ಕೇಳಿದ್ಯಾ?"

"ಇಲ್ಲ."

"ಯಾಕೆ?"

ನಾನು ತಿರುಗಿ ಮನೆಯೊಳಗೆ ಓಡಿದೆ. ಸೇರಿಸಿಕೊಳ್ಳುತ್ತಿಲ್ಲ ಎಂದು ಅವಳು ಹೇಳಿದ್ದು ನಿಜ. ಆದರೆ ನಿಜ ಹೇಳಿದವರೂ ಪೂರ್ತಿ ಹೇಳಿರುವುದಿಲ್ಲ ಎಂಬುದು ತಿಳಿದದ್ದು ಕೆಲವು ದಿನಗಳ ನಂತರ. ತ್ರೇಸ್ಯಾ ಎಂದಿನಂತೆ ಅಜ್ಜಿಯ ಜೊತೆ ಹಿತ್ತಲ ಕಲ್ಲಿನ ಮೇಲೆ ಕಾಫಿ ಕುಡಿಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಬೆಲ್ಲ ಹುಡುಕುತ್ತಿದ್ದೆ. ತಲೆಯ ಮೇಲೆ ಬಲ್ಬು ಮಂಕಾಗಿ ನಡುಗಿತು. ಹಿತ್ತಲಿಗೆ ಇಣುಕಿದೆ. ತ್ರೇಸ್ಯಾ ಅಲ್ಲೇ ಇದ್ದಳು, ಲೋಟ ಕೈಯಲ್ಲೇ ಇತ್ತು. ಬಲ್ಬು ಮತ್ತೆ ನಡುಗಿತು. ಮನೆಯಲ್ಲಿ ಅವ್ವ ಇರಲಿಲ್ಲ.

ಬ್ಯಾರನ್ನಿನ ಹಿಂದೆ ಹೋಗಿ ಒಲೆಯ ಬಾಯಿಯೊಳಗೆ ಬೂದಿಯ ಮೇಲೆ ತೆವಳಿದೆ. ಒಲೆಯ ಬಿಸಿ ಒಳಗೊಯ್ಯುವ ಕೊಳವೆ ಸರಿದ ಒಂದು ಬಿರುಕಿನಿಂದ ಕಂಡದ್ದು ಇಷ್ಟು: ಗಳುಗಳಿಗೆ ಸರಪಳಿಯಲ್ಲಿ ತೂಗುಹಾಕಿದ ಒಂದು ಎತ್ತು, ಸರಳಿನ ಎಲುಬು, ತಾಮ್ರದ ಚರ್ಮ. ನಮ್ಮ ಕೊಟ್ಟಿಗೆಯ ಎತ್ತು ಕರಿಯನದೇ ಮುಖ, ಎಡಕ್ಕೆ ಸ್ವಲ್ಪ ಬಾಗಿದ ಅದೇ ಕೊಂಬು. ಬೆನ್ನಿನಿಂದ ಎದ್ದ ಎರಡು ರೆಕ್ಕೆ. ಒಂದು ರೆಕ್ಕೆಯ ಹತ್ತಿರ ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಕುಕ್ಕರಗಾಲಿನಲ್ಲಿ ಕೂತವಳು ಅವ್ವ. ಅವಳ ಕೈತುದಿಯಲ್ಲಿ ನೀಲಿ ಬೆಳಕು ಹುಟ್ಟುತ್ತಿತ್ತು, ಆರುತ್ತಿತ್ತು. ಅಷ್ಟು ನಿಧಾನವಾಗಿ, ಅಷ್ಟು ಗಟ್ಟಿಯಾಗಿ ಅವಳ ಕೈ ನಿಂತಿದ್ದನ್ನು ನಾನು ಅಡುಗೆಮನೆಯಲ್ಲಿ ಕಂಡಿರಲಿಲ್ಲ. ಎಷ್ಟು ಹೊತ್ತು ನೋಡಿದೆನೋ.

ಮಾರನೆಯ ಬೆಳಗ್ಗೆ ಕಣ್ಣು ಬಿಡಲಾಗಲಿಲ್ಲ. ರೆಪ್ಪೆಯೊಳಗೆ ಮರಳು ತುಂಬಿದ ಹಾಗೆ, ನೀರು ಸುರಿಯುತ್ತಲೇ ಇತ್ತು. ಅಜ್ಜಿ ಒದ್ದೆ ಬಟ್ಟೆ ಕಟ್ಟಿ, ಕಿವಿಯ ಹತ್ತಿರ ಬಾಗಿ ಕೇಳಿದಳು.

"ಏನ್ ನೋಡ್ದೆ ಅಂತ ಏಳು ಮಗಾ."

"ಬೆಳಕು."

"ಇನ್ನೇನು?"

"ಬೆಳಕೇ ಕಣಜ್ಜಿ."

ಅಷ್ಟು ಸಾಕಾಯಿತು. ಮಗುವಿನ ಕಣ್ಣು ಕಿತ್ತುಕೊಂಡರು ಎಂದು ದೊಡ್ಡಪ್ಪ ಊರಿನ ನಾಲ್ಕಾರು ಗಂಡಸರನ್ನು ಕರೆದು ತಂದ. ಮುಂದಿನದನ್ನು ನಾನು ಹಿತ್ತಲ ಜಗಲಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೇಳಿದೆ, ನೋಡಲಿಲ್ಲ. ಅಗಳಿ ತೆಗೆದ ಸದ್ದು. ಹೆಜ್ಜೆಗಳು ಒಳಗೆ ಹೋಗಿ ನಿಂತವು. ಆಮೇಲೆ ದೊಡ್ಡಪ್ಪನ ದನಿ:

"ನೋಡ್ರಪ್ಪ. ಬಸವಣ್ಣ. ನಮ್ಮ ಬಸವಣ್ಣನ್ನೇ ತಗಂಡೋಗಿ ಚರ್ಚ್ನಲ್ಲಿ ಕೂರುಸ್ತಾರೆ. ನಮ್ ಐಕ್ಳು ಕೈ ಮುಗಿಯಕ್ಕೆ ಅಲ್ಲಿಗೇ ಓಗ್ಲಿ ಅಂತ. ಬಾಗ್ಲಿಗೆ ರಾಗಿ, ಒಳಗ್ ಬಸವ. ಎಂಥಾ ಉಪಾಯ."

"ಬಸವ ಅಲ್ಲ," ಎಂದಳು ತ್ರೇಸ್ಯಾ. "ಯೇಸುವಿನ ಕತೆ ಬರೆದವರು ನಾಲ್ಕು ಜನ. ಒಬ್ಬೊಬ್ಬರಿಗೆ ಒಂದು ಗುರುತು. ಮನುಷ್ಯ, ಸಿಂಹ, ಎತ್ತು, ಹದ್ದು. ನಾಲ್ಕಕ್ಕೂ ರೆಕ್ಕೆ. ಎತ್ತು ಲೂಕ ಎಂಬವರ ಗುರುತು. ತುಂಬ ಹಳೇದು, ಎಲ್ಲ ದೇಶದಲ್ಲೂ ಇದೆ."

"ಎತ್ತೇ ಯಾಕೆ?"

ಅವಳು ಸುಳ್ಳು ಹೇಳಬಹುದಿತ್ತು. "ಬಲಿಯ ಗುರುತು," ಎಂದಳು.

ಗಂಡಸರ ನಡುವೆ ಗುಜುಗುಜು ಎದ್ದಿತು. ಎತ್ತನ್ನು ಬಲಿ ಕೊಡುವ ದೇವರೇ ಎಂದು ಯಾರೋ ಕೂಗಿದರು. ಸರಪಳಿ ಎಳೆದ ಸದ್ದು ಕೇಳಿತು. ಆಗ ಅವ್ವನ ದನಿ, ಯಾವತ್ತೂ ಭಾವನೆದುರು ಎತ್ತದ ದನಿ.

"ಮುಟ್ಬ್ಯಾಡಿ ಭಾವ. ಆ ರೆಕ್ಕೆ ನಾನು ಮಾಡಿರದು."

ಒಂದೊಂದೇ ಪ್ರಶ್ನೆಗೆ ಅವಳು ಉತ್ತರ ಕೊಟ್ಟಳು. ಕರಿಯನ ಮುಖ ತೋರಿಸಿದ್ದು ತಾನು. ಕಬ್ಬಿಣ ನೀರಾಗಿ ಕೂಡಿಕೊಳ್ಳುವುದನ್ನು ನೋಡಿ ಕೈ ಸುಮ್ಮನಿರಲಿಲ್ಲ, ಕಲಿಸಿ ಎಂದು ಕೇಳಿದ್ದೂ ತಾನು. ಎಲ್ಲರೂ ಹಿತ್ತಲಿಗೆ ಬಂದ ಮೇಲೆ ದೊಡ್ಡಪ್ಪ ದೇವರ ಮನೆಯಿಂದ ತಟ್ಟೆ ತರಿಸಿ ಕರ್ಪೂರ ಹಚ್ಚಿಸಿದ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುವುದು ನಮ್ಮಲ್ಲಿ ಕೊನೆಯ ಮಾತು. ಅದರ ಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ.

"ಜಾತಿ ಬುಟ್ಟಿಲ್ಲ ಅಂತ ಆರ್ಸು."

"ನಾನು ಯಾವ ದೇವ್ರತ್ರಕ್ಕೂ ಓಗಿಲ್ಲ ಭಾವ. ಕೆಲ್ಸಕ್ಕೆ ಓಗಿದ್ದೆ. ಕೆಲ್ಸಕ್ಕೆ ಓದೋಳು ಕರ್ಪೂರ ಯಾಕ್ ಆರುಸ್ಬೇಕು?"

ನಾನು ಬಟ್ಟೆಯ ಅಂಚು ಎತ್ತಿದೆ. ಕಣ್ಣು ಉರಿದು ಎಲ್ಲವೂ ನೀರಲ್ಲಿ ತೇಲುತ್ತಿದ್ದರೂ ಅಪ್ಪ ಮುಂದೆ ಬಂದದ್ದು ಕಾಣಿಸಿತು. ಅವನು ಅವಳ ಪರವಾಗಿ ಮಾತಾಡುತ್ತಾನೆ ಅಂದುಕೊಂಡೆ.

"ಆರ್ಸ್ಬುಡು ಸರೋಜ," ಎಂದ ಅಪ್ಪ, ಮೆಲ್ಲಗೆ. "ಒಂದ್ಸಲ. ನಂಗೂ ಸಮಾಧಾನ ಆಯ್ತದೆ."

ಅವ್ವ ಅವನನ್ನೇ ನೋಡಿದಳು. ಅಷ್ಟೂ ಹೊತ್ತು ಅಲುಗದೆ ನಿಂತವಳು 'ನಂಗೂ' ಎಂಬ ಆ ಒಂದು ಮಾತಿಗೆ ಬ್ಯಾರನ್ನಿನ ಗೋಡೆಗೆ ಕೈ ಊರಿದಳು. ಆದರೆ ಕರ್ಪೂರದ ಕಡೆ ಕೈ ಚಾಚಲಿಲ್ಲ. ಅದು ತನ್ನಷ್ಟಕ್ಕೆ ಉರಿದು, ತಟ್ಟೆಯಲ್ಲಿ ಕಪ್ಪು ಕಲೆ ಬಿಟ್ಟು ಆರಿತು. ಗಂಡಸರು ಮುಂದೇನು ಮಾಡಬೇಕೆಂದು ತಿಳಿಯದೆ ಒಬ್ಬೊಬ್ಬರೇ ಹೊರಟರು.

ಆ ವಾರವೇ ಮನೆಯಲ್ಲಿ ಒಲೆ ಬೇರೆಯಾಯಿತು. ದೊಡ್ಡಪ್ಪ ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದ. ಅಜ್ಜಿ ಯಾವ ಕಡೆ ಉಣ್ಣುವುದು ಎಂಬ ಜಗಳದಲ್ಲಿ ಅಜ್ಜಿಯನ್ನು ಯಾರೂ ಕೇಳಲಿಲ್ಲ. ಅವಳು ಬೆಳಗ್ಗೆ ಅವನ ಕಡೆ, ರಾತ್ರಿ ನಮ್ಮ ಕಡೆ ಉಂಡು, ಎರಡೂ ಕಡೆಯ ಸಾರಿಗೆ ಹೆಸರಿಟ್ಟಳು. ಬ್ಯಾರನ್ ಖಾಲಿ ಮಾಡಿಸಬೇಕೆಂದು ದೊಡ್ಡಪ್ಪ ಹಟ ಹಿಡಿದಿದ್ದ. ಒಂದು ಬೆಳಗ್ಗೆ ಅಪ್ಪ ಯಾರಿಗೂ ಹೇಳದೆ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಟ್ರೈಲರಿಗೆ ಹುಲ್ಲು ಹಾಸಿ, ಸಿಂಹ, ಹದ್ದು, ಮನುಷ್ಯ, ಎತ್ತು ನಾಲ್ಕನ್ನೂ ಮಲಗಿಸಿ, ರೆಕ್ಕೆಗಳ ಸಂದಿಗೆ ಗೋಣಿಚೀಲ ತುರುಕಿ, ಹಳ್ಳ ಬಂದ ಕಡೆ ಇಳಿದು ನೋಡಿ, ನಿಧಾನವಾಗಿ ದಿಣ್ಣೆ ಹತ್ತಿಸಿದ. ಅವುಗಳನ್ನು ಮನೆಯಿಂದ ಹೊರಹಾಕಿದನೋ, ಮುರಿಯದ ಹಾಗೆ ಮನೆ ಮುಟ್ಟಿಸಿದನೋ, ನಾನು ಎಷ್ಟು ವಾದ ಮಾಡಿಕೊಂಡರೂ ಇವತ್ತಿಗೂ ಇತ್ಯರ್ಥವಾಗಿಲ್ಲ. ಅಲ್ಲಿಯೂ ಅನುಮಾನ ಕಾದಿತ್ತು. ಗಲಾಟೆಯ ಸುದ್ದಿ ತಿಳಿದ ಚರ್ಚಿನ ಹಿರಿಯರು ಎತ್ತು ಬೇಡ ಎಂದರು. ಊರಿನವರ ಕಣ್ಣು ಬಿದ್ದಿದೆ, ಮೇಲಾಗಿ ಪವಿತ್ರ ಗುರುತಿಗೆ ಪರಧರ್ಮದ ಹೆಂಗಸಿನ ಕೈ ತಗುಲಿದೆ ಎಂದರು. ನಾಲ್ಕೂ ಏರಲಿ, ಇಲ್ಲ ನಾಲ್ಕನ್ನೂ ಕರಗಿಸುತ್ತೇನೆ ಎಂದು ತ್ರೇಸ್ಯಾ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ. ಕೊನೆಗೆ ಗುರುಗಳೇ ಒಪ್ಪಿ ಏರಿಸಿದರು.

ಚರ್ಚು ತೆರೆದ ದಿನ ಸುತ್ತಲ ಹಳ್ಳಿಯವರಿಗೆಲ್ಲ ಕರೆ ಬಂತು. ದೊಡ್ಡಪ್ಪ ಹೋಗಕೂಡದೆಂದ. ಅಷ್ಟಕ್ಕೇ ಅಜ್ಜಿ ಕೋಲು ಹಿಡಿದು ಹೊರಟಳು, ಜೊತೆಗೆ ಅವ್ವ ಮತ್ತು ನಾನು. ಅಪ್ಪ ಮರಳು ಲೋಡಿನ ನೆಪ ಹೇಳಿ ಉಳಿದ. ಹೊರಗೆ ಅಷ್ಟು ಬೂದಿಬೂದಿಯಾಗಿದ್ದ ಕಟ್ಟಡದ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಡಿಕೆಗಳ ಸಂದಿಯ ಗಾಜಿನಿಂದ ಕೆಂಪು, ಅರಿಶಿನ ಬಣ್ಣದ ಬೆಳಕು ಬಂದು ಒರಟು ಕಾಂಕ್ರೀಟಿನ ಮೇಲೆ ಹರಿಯುತ್ತಿತ್ತು. ಹಲಗೆಯ ಗೆರೆಗಳು ಆ ಬೆಳಕಿನಲ್ಲಿ ಉತ್ತ ಹೊಲದ ಸಾಲುಗಳ ಹಾಗಿದ್ದವು. ನೆಲ ಮೆಲ್ಲನೆ ಇಳಿಜಾರಾಗಿ ಪೂಜೆ ನಡೆಯುವ ಪೀಠದ ಕಡೆ ನಮ್ಮನ್ನು ತಾನೇ ನಡೆಸಿಕೊಂಡು ಹೋಗುತ್ತಿತ್ತು. ಪೀಠದ ಮೇಲೆ ಸರಳುಗಳಿಂದ ಮಾಡಿದ ಯೇಸು, ಚಾಚಿದ ತೋಳು, ಒಳಗೆ ಟೊಳ್ಳು, ಮುಖವಿರಬೇಕಾದಲ್ಲಿ ಬರೀ ಗಾಳಿ. ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ಅದನ್ನೇ ನೋಡಿದಳು.

"ಮುಖಾನೇ ಇಲ್ವಲ್ಲ. ಇವ್ನು ಯಾರ್ನ ನೋಡ್ತಾನೆ?"

ಪಕ್ಕದಲ್ಲಿದ್ದ ತ್ರೇಸ್ಯಾ, "ಅದು ನನಗೂ ಗೊತ್ತಿಲ್ಲ ಅಮ್ಮಚ್ಚಿ. ಗೊತ್ತಿದ್ದರೆ ಮುಖ ಮಾಡ್ತಿದ್ದೆ," ಎಂದಳು. ಆ ಉತ್ತರದಲ್ಲಿ ಅಜ್ಜಿಗೆ ಮೂಸಲು ಏನೂ ಸಿಗಲಿಲ್ಲ. ಆಮೇಲೆ ಅವಳು ತಲೆ ಎತ್ತಿ ಪಕ್ಕದ ಗೋಡೆ ನೋಡಿದಳು. ಮೇಲೆ ರೆಕ್ಕೆ ಬಿಚ್ಚಿ ನಿಂತಿತ್ತು ನಮ್ಮ ಕರಿಯನ ಮುಖ. ಅಜ್ಜಿ ಕೋಲನ್ನು ನನ್ನ ಕೈಗೆ ಕೊಟ್ಟು ಎರಡೂ ಕೈ ಜೋಡಿಸಿದಳು. ನಾವು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗೋಡೆಯಾಚೆಯಿಂದ ದೊಡ್ಡಪ್ಪ ಕೇಳಿದ, ಚರ್ಚಿನಲ್ಲಿ ಕೈ ಮುಗಿದೆಯಂತೆ ಎಂದು.

"ಎತ್ತಿಗೆ ಮುಗ್ದೆ ಕಣ್ಲಾ," ಎಂದಳು ಅಜ್ಜಿ. "ಎತ್ತು ಯಾರ್ ಮನೇಲಿ ಕಟ್ಟಾಕಿದ್ರೂ ಎತ್ತೇ."

ಮರುದಿನವೇ ತ್ರೇಸ್ಯಾ ಹೊರಟಳು. ಅವ್ವ ಆಮೇಲೆ ಸುಮ್ಮನೆ ಕೂರಲಿಲ್ಲ. ಹಿತ್ತಲಲ್ಲಿ ಒಂದು ಹಳೇ ಯಂತ್ರ ಇಟ್ಟುಕೊಂಡು ಕಿಟಕಿ, ಗೇಟು, ನೇಗಿಲ ಗುಳ ಬೆಸೆಯುತ್ತಾ ನನ್ನನ್ನು ಓದಿಸಿದಳು. ಅಪ್ಪ ಬೇಡವೆನ್ನಲಿಲ್ಲ. ಸರಳು ಕತ್ತರಿಸಿಕೊಡುತ್ತಿದ್ದ, ಗಿರಾಕಿಯ ಮನೆಗೆ ಗೇಟು ಸಾಗಿಸುತ್ತಿದ್ದ. ಕರ್ಪೂರದ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹೋದ ಮಳೆಗಾಲ ಸೂರಿನ ಸಂದಿಯಲ್ಲಿ ನೀರಿಳಿದು ಎತ್ತಿನ ಒಂದು ರೆಕ್ಕೆಯ ಬುಡ ತುಕ್ಕು ಹಿಡಿಯಿತು. ಈಗಿನ ಗುರುಗಳು ಹುಡುಗ ಪ್ರಾಯದವರು. ಹಳೆಯ ಗಲಾಟೆ ತಿಳಿಯದ ಅವರು, ಆ ಬೆಸುಗೆ ಹಾಕಿದವರೇ ಬರಬಹುದೇ ಎಂದು ಹೇಳಿಕಳಿಸಿದರು. ಅವ್ವನಿಗೆ ಅರವತ್ತು ದಾಟಿದೆ, ಬೇಡವೆಂದೆ. ಅವಳು ಆಗಲೇ ಮುಖವಾಡ ಒರೆಸುತ್ತಿದ್ದಳು. ಅಪ್ಪನೂ ಹೊರಟ. ಆ ಬಾಗಿಲೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಅವ್ವ ಉದ್ದನೆಯ ಏಣಿ ಹತ್ತಿ ಎತ್ತಿನ ಬೆನ್ನ ಹತ್ತಿರ ನಿಂತಳು. ಅಪ್ಪ ಕೆಳಗೆ ಏಣಿ ಹಿಡಿದ, ನಾನು ಪಕ್ಕದಲ್ಲಿ. ನೀಲಿ ಬೆಳಕು ಚಿಮ್ಮಿದಾಗ ಇಬ್ಬರೂ ತಲೆ ತಗ್ಗಿಸಿದೆವು. ಕಿಡಿಗಳು ನೆಲಕ್ಕೆ ಬಿದ್ದು ಆರುತ್ತಿದ್ದವು.

"ನಿಂಗೇನನ್ಸುತ್ತೆ," ಅಪ್ಪ ತಗ್ಗಿದ ದನಿಯಲ್ಲಿ ಕೇಳಿದ. "ಆವತ್ತು ಅವಳು ಯಾಕ್ ಆರುಸ್ಲಿಲ್ಲ?"

ಇಷ್ಟು ವರ್ಷ ಅದನ್ನು ಹೊತ್ತುಕೊಂಡೇ ಗೇಟು ಸಾಗಿಸಿದ್ದನಲ್ಲ ಎಂದು ಅವನ ಮುಖ ನೋಡಿದೆ.

"ಇಲ್ಲೇ ಅವ್ಳೆ ಕಣಪ್ಪ. ನೀನೇ ಕೇಳು."

ಬೆಳಕು ನಿಂತಿತ್ತು. ಅವ್ವ ಮುಖವಾಡ ಎತ್ತಿ ಬೆಸುಗೆಯನ್ನು ಬೆರಳಿಂದ ಸವರುತ್ತಿದ್ದಳು. ಅಪ್ಪ ಬಹಳ ಹೊತ್ತು ಮೇಲೆ ನೋಡಿದ. ಆಮೇಲೆ ಏಣಿಯನ್ನು ಎರಡೂ ಕೈಯಿಂದ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಬ್ಯಾಡ ಬುಡು," ಎಂದ. "ಈಗ ಮಾತಾಡ್ಸುದ್ರೆ ಇತ್ಲಾಗೆ ತಿರುಗ್ತಾಳೆ. ಏಣಿ ಅಲ್ಲಾಡ್ತದೆ."